ಠಸ್ಸೆರಾಯನ ಸಾಧನೆ ಪಟ್ಟಿ

ಕಾನೂನು ಕಾಲೇಜಿನ ಗುಮಾಸ್ತ ಕರುಳಿಲ್ಲದ ಮನುಷ್ಯ. ಕಾಗದಕ್ಕೆ ಠಸ್ಸೆ ಒತ್ತುವುದು ಬಿಟ್ಟರೆ ಅವನಿಗೆ ಬೇರೆ ಸುಖವಿರಲಿಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಠಸ್ಸೆರಾಯ ಎನ್ನುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೆಂಡತಿ ತಲೆನೋವು ಎಂದರೆ ಡಾಕ್ಟರ ಚೀಟಿ ಎಲ್ಲಿ ಎಂದು ಕೇಳಿದ್ದನಂತೆ. ಇದನ್ನು ಊರಿಗೆಲ್ಲ ಹೇಳಿದವಳು ಅವನ ಅತ್ತೆ.

ಅಧ್ಯಾಪಕರ ವರ್ಷದ ವಿದ್ವತ್ ಸಾಧನೆಗಳ ಪಟ್ಟಿಯನ್ನು ಟೈಪ್ ಮಾಡುವವನು ಅವನೇ. ಪುರಾವೆಯ ಕಾಗದವಿಲ್ಲದೆ ಅದಕ್ಕೆ ಒಂದಕ್ಷರವೂ ಏರುತ್ತಿರಲಿಲ್ಲ. ಪಟ್ಟಿ ಮಾಡುವ ಆ ವಾರ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಅವನ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಒಬ್ಬರು ಸಭಿಕರೇ ಬಾರದ ವಿಚಾರಗೋಷ್ಠಿಯ ಅಧ್ಯಕ್ಷತೆ ವಹಿಸಿದ್ದರು. ಪುರಾವೆಗೆ ಖಾಲಿ ಕುರ್ಚಿಗಳ ಫೋಟೊ ತಂದರು. ಏರಿತು. ಇನ್ನೊಬ್ಬರ ವಾದವನ್ನು ದಪ್ಪ ಗ್ರಂಥವೊಂದು ಅಡಿಟಿಪ್ಪಣಿಯಲ್ಲಿ ‘ಶುದ್ಧ ಅವಿವೇಕ’ ಎಂದು ಬೈದಿತ್ತು. ‘ಗ್ರಂಥದಲ್ಲಿ ಉಲ್ಲೇಖ’ ಎಂದು ಅದೂ ಏರಿತು. ಸಾಕ್ಷ್ಯ ಕಾನೂನಿನ ಪ್ರೊಫೆಸರು ಮಾತ್ರ ಕೈಬೀಸಿಕೊಂಡು ಬಂದರು.

“ಸಾಕ್ಷ್ಯ ಪಾಠ ಮಾಡೋನ ಹತ್ರಾನೇ ಸಾಕ್ಷಿ ಕೇಳ್ತೀಯೇನಯ್ಯ?”

“ಬರೀ ಬಾಯಿಮಾತು ನಡೆಯಲ್ಲ ಅಂತ ನಿಮ್ಮ ಪುಸ್ತಕದಲ್ಲೇ ಇದೆ ಸಾರ್.”

ಕೊನೆಗೆ ಉಳಿದವರು ಕರಾರು ಕಾನೂನಿನ ಮೇಡಂ. ಎರಡು ವರ್ಷದಿಂದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಖಾಲಿ ಗೆರೆ. ಮೂರನೆಯದೂ ಖಾಲಿಯಾದರೆ ಕೆಲಸಕ್ಕೇ ಕುತ್ತು. ಅದು ಕಾಲೇಜಿನ ನಿಯಮ. ಒಂಬತ್ತು ವರ್ಷ ತಿದ್ದಿ ತೀಡಿದ ಒಂದೇ ಒಂದು ಪ್ರಬಂಧವನ್ನು ಪತ್ರಿಕೆಯೊಂದಕ್ಕೆ ಕಳುಹಿಸಿ ಏಳು ತಿಂಗಳಾಗಿತ್ತು. ಉತ್ತರವಿರಲಿಲ್ಲ. ಅವರು ಮೇಜಿನತ್ತ ಬಾಗಿದರು.

“ಬೇಡ ಅಂತೇನೂ ಅಂದಿಲ್ಲವಲ್ಲ. ಸುಮ್ನಿದ್ದಾರೆ ಅಂದ್ರೆ ಒಪ್ಪಿದ್ದಾರೆ ಅಂತ ಬರ್ಕೊಳ್ಳಿ.”

“ಆ ಪ್ರಬಂಧ ಟೈಪ್ ಮಾಡಿದ್ದು ನಾನೇ ಮೇಡಂ. ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿಗೆ ಆಗಲ್ಲ ಅಂತ ಹದಿನಾಲ್ಕನೇ ಪುಟದಲ್ಲಿ ನೀವೇ ಬರ್ದಿದ್ದೀರಿ.”

“ಹಾಗಾದ್ರೆ ಒಂಬತ್ತು ವರ್ಷ ಕೂತು ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ ಅನ್ನಿ.”

“ವಾದ ಗಟ್ಟಿಯಾಗಿದೆ. ನಾನೇನೂ ಮಾಡೋಕಾಗಲ್ಲ.”

ಅವನು ಚೀಟಿ ಬರೆದ: ‘ಪ್ರಬಂಧದ ಹದಿನಾಲ್ಕನೆಯ ಪುಟದ ವಾದವನ್ನು ಪೂರ್ತಿಯಾಗಿ ಒಪ್ಪಿ, ಲೇಖಕಿಯ ಕೋರಿಕೆಯನ್ನು ತಿರಸ್ಕರಿಸಲಾಗಿದೆ.’ ಸಹಿ, ತಾರೀಖು, ಠಸ್ಸೆ. ಮೇಡಂ ಚೀಟಿಗೆ ಕೈಚಾಚಿದರು. ಅವನು ಕೊಡಲಿಲ್ಲ. ತಿರಸ್ಕಾರದ ಚೀಟಿಗೂ ತನಗೆ ಯೋಗ್ಯತೆಯಿಲ್ಲವೇ ಎಂದು ಅವರು ನಿಂತೇ ಇದ್ದರು.

ಅವನು ಚೀಟಿಗೆ ಎರಡು ತೂತು ಹೊಡೆದ. ಅವರದೇ ಕಡತ ತೆಗೆದು, ಪುರಾವೆಯ ಜಾಗದಲ್ಲಿ ಅದನ್ನು ಪೋಣಿಸಿದ. ಆಮೇಲೆ ಖಾಲಿ ಗೆರೆಯ ಮೇಲೆ ಒಂದೊಂದೇ ಅಕ್ಷರ ಕುಟ್ಟಿದ: ‘ಇವರ ವಾದವನ್ನು ಅಧಿಕೃತ ಆದೇಶವೊಂದು ಎತ್ತಿಹಿಡಿದಿದೆ.’

“ಮುಂದಿನೋರು ಬನ್ನಿ,” ಎಂದ, ತಲೆ ಎತ್ತದೆ.

ಮೇಡಂ ಹಿಂದೆ ಯಾರೂ ಇರಲಿಲ್ಲ.