ಹಳ್ಳದ ದಂಡೆಯ ಕಲ್ಲಿಗೊಂದು ಹೆಸರು

ಚಳ್ಳಕೆರೆಯ ಪುಷ್ಪಲತಾಳಿಗೆ ಅಕ್ಷರ ಬರೆಯುವುದೇ ಕಸುಬು. ಅಪ್ಪ ತಿಪ್ಪಯ್ಯನಿಂದ ಕಲಿತು ಎಣ್ಣೆ ಮಿಲ್ಲುಗಳ ಬೋರ್ಡು, ಬಸ್ಸುಗಳ ಹೆಸರು ಬರೆದವಳು. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸ ಕಮ್ಮಿಯಾದಾಗ ಉಳಿ ಹಿಡಿದು ಕಲ್ಲಿನಲ್ಲಿ ಕೆತ್ತುವುದನ್ನೂ ಕಲಿತಳು. ಹಾಗಾಗಿ, ಊರಿನ ಹಿರಿಯರ ನೆನಪಿಗೆ ಮೊಳಕಾಲ್ಮುರು ರಸ್ತೆಯ ಪಕ್ಕ ಕಲ್ಲುಗಳನ್ನು ನಿಲ್ಲಿಸಬೇಕೆಂದು ಬಿ.ಜಿ. ಕೆರೆ ಕಡೆಯ ಒಂದು ಹಳ್ಳಿಯವರು ತೀರ್ಮಾನಿಸಿದಾಗ, ಅವರ ಮುಖಂಡ ರಾಜಣ್ಣ ನೇರ ಅವಳ ಹತ್ತಿರವೇ ಬಂದ.

ಕೊನೆಯ ಕಲ್ಲಿಗೆ ಅವನು ಕೊಟ್ಟ ಬರಹವನ್ನು ಅವಳು ಎರಡು ಸಲ ಓದಿದಳು. ಅರವತ್ತು ವರ್ಷದ ಹಿಂದೆ ಹಳ್ಳದ ನೆರೆಯಲ್ಲಿ ಬಸ್ಸು ಸಿಕ್ಕಿಬಿದ್ದಾಗ, ಕಂಬಳಿಗಳನ್ನು ಒಂದಕ್ಕೊಂದು ಗಂಟು ಹಾಕಿ ಎಸೆದು ಹನ್ನೊಂದು ಜನರನ್ನು ದಡಕ್ಕೆಳೆದ ಹೆಂಗಸಿನ ಕಥೆ ಅದು. ಆದರೆ ಹೆಸರಿನ ಜಾಗದಲ್ಲಿ ‘ಕುರಿಗಾರ ಗಾದ್ರಪ್ಪನ ಹೆಂಡತಿ’ ಎಂದಷ್ಟೇ ಇತ್ತು. ಆ ಮನೆಯವರು ಕುದಾಪುರದ ಕಡೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಯಾರಿಗೂ ನೆನಪಿಲ್ಲ, ಹಾಗೇ ಕೆತ್ತು ಎಂದ ರಾಜಣ್ಣ.

ಪುಷ್ಪಲತಾಳಿಗೆ ಹಾಗೆ ಕೆತ್ತಲು ಮನಸ್ಸು ಬರಲಿಲ್ಲ. ಮರುದಿನ ಬೆಳಿಗ್ಗೆಯೇ ಸ್ಕೂಟಿ ಹತ್ತಿದಳು. ಕುದಾಪುರದ ಸುತ್ತ ಮೂರು ಹಳ್ಳಿ ತಿರುಗಿ, ಎದುರಾದ ಕುರಿಗಾರರನ್ನೆಲ್ಲ ನಿಲ್ಲಿಸಿ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬರು ಬೇವಿನ ಮರದ ಕೆಳಗೆ ಉಣ್ಣೆ ಹಿಂಜುತ್ತಿದ್ದ ಮುದುಕಿಯನ್ನು ತೋರಿಸಿದರು. ಗಾದ್ರಪ್ಪನ ಮಗಳು ಪಾತಮ್ಮ!

“ಅವತ್ತು ನಮ್ಮಪ್ಪ ಚಳ್ಳಕೆರೆ ಸಂತೆಗೆ ಹೋಗಿದ್ದ. ಅವನ ಹೆಸರು ಯಾಕಮ್ಮ ಅಲ್ಲಿ?” ಎಂದಳು ಪಾತಮ್ಮ, ವಿಷಯ ಕೇಳಿ. “ನಮ್ಮವ್ವನ ಹೆಸರು ಪಾಪಕ್ಕ. ಗಂಟು ಹಾಕಿಕೊಟ್ಟೋಳು ನಾನು. ಎಳೆದೋಳು ಅವ್ವ.”

ಆಗ ತನಗೆ ಹತ್ತು ವರ್ಷವೆಂದು ಹೇಳಿ, ಅವ್ವ ಸೊಂಟಕ್ಕೆ ಕಂಬಳಿ ಸುತ್ತಿ, ಜಾಲಿ ಮರಕ್ಕೆ ಕಾಲು ಕೊಟ್ಟು ಎಳೆದದ್ದನ್ನು ಎದ್ದು ನಿಂತು ಮಾಡಿ ತೋರಿಸಿದಳು. ಪುಷ್ಪಲತಾ ಅಲ್ಲಿಂದಲೇ ರಾಜಣ್ಣನಿಗೆ ಫೋನು ಹಚ್ಚಿದಳು. ಅವನು ಊರವರನ್ನು ಕೇಳಿ, ತಿರುಗಿ ಫೋನು ಮಾಡಿ, ಹೆಸರು ದೊಡ್ಡದಾಗಿ ಕೆತ್ತು, ಮಗಳನ್ನೂ ಕರೆದುಕೊಂಡು ಬಾ ಎಂದ.

ಹಳ್ಳದ ದಂಡೆಯಲ್ಲಿ ಕಲ್ಲು ನಿಲ್ಲಿಸಿದ ದಿನ ಪಾತಮ್ಮ ಹೊಸ ಸೀರೆಯುಟ್ಟು ಆಟೋದಲ್ಲಿ ಬಂದಳು. ಆ ದಾರಿಯಲ್ಲಿ ಬಂದ ಬಸ್ಸಿನ ಕಂಡಕ್ಟರ್ ಸೀಟಿ ಊದಿ ಗಾಡಿ ನಿಲ್ಲಿಸಿ, ಇಳಿದು ಕಲ್ಲಿನ ಬರಹವನ್ನು ಗಟ್ಟಿಯಾಗಿ ಓದಿದ. ಕಿಟಕಿಗಳಿಂದ ಜನ ಚಪ್ಪಾಳೆ ತಟ್ಟಿದರು. ಪಾತಮ್ಮನಿಗೆ ಓದು ಬರದು. ಪುಷ್ಪಲತಾ ಅವಳ ಬೆರಳು ಹಿಡಿದು ಅವ್ವನ ಹೆಸರಿನ ಮೊದಲ ಅಕ್ಷರದ ಮೇಲೆ ಇಟ್ಟಳು.

“ಇದು ‘ಪಾ’. ನಿನ್ನ ಹೆಸರೂ ಇದರಿಂದ್ಲೇ ಶುರುವಾಗೋದು ಕಣಜ್ಜಿ.”

ಪಾತಮ್ಮ ಆ ಅಕ್ಷರದ ಗೆರೆಯುದ್ದಕ್ಕೂ ಬೆರಳಾಡಿಸಿದಳು. ಬಗ್ಗಿ, ಪಕ್ಕದ ಮಣ್ಣಿನಲ್ಲಿ ತಾನೂ ಬರೆದು ನೋಡಿದಳು.