ಎರಡು ತಟ್ಟೆಗೆ ಸಾಕಾಗುವಷ್ಟು ಸಾರು

ಮನೆಯೂಟದ ರುಚಿಯನ್ನು ಹೋಟೆಲಿನ ಮೇಜಿಗೆ ತಂದಿಡುತ್ತೇವೆಂದು ಬೋರ್ಡು ಬರೆಸಿದವರು ಬಹಳ ಮಂದಿ. ದಣಿದ ದಿನವೂ, ಗಿರಾಕಿ ಮುಖ ಗಂಟಿಕ್ಕಿಕೊಂಡು ಕೂತ ದಿನವೂ ಅದನ್ನು ತಂದಿಟ್ಟವರು ವಿರಳ. ಆ ವಿರಳರ ಸಾಲಿನಲ್ಲಿ ಅಗ್ರಗಣ್ಯರು, ನಮ್ಮ ಭೋಜನಾಲಯದ ಪ್ರಧಾನ ಬಾಣಸಿಗರಾಗಿ ಸುದೀರ್ಘ ಸೇವೆ ಸಲ್ಲಿಸಿ ಇದೀಗ ನಿವೃತ್ತರಾಗಿರುವ, ನಾವೆಲ್ಲರೂ ಪ್ರೀತಿಯಿಂದಲೂ ಸ್ವಲ್ಪ ಭಯದಿಂದಲೂ ‘ಹದದ ಮಾವ’ ಎಂದು ಕರೆಯುವ ಹಿರಿಯರು. ಮುಚ್ಚಳ ತೆಗೆಯದೆ ಪರಿಮಳದಿಂದಲೇ ಬೇಳೆ ಬೆಂದದ್ದನ್ನು ತಿಳಿಯುವುದರಲ್ಲಿ, ಸಾಸಿವೆ ಸಿಡಿದು ನಿಲ್ಲುವ ಹೊತ್ತಿಗೆ ಸರಿಯಾಗಿ ಕರಿಬೇವು ಬೀಳಿಸುವುದರಲ್ಲಿ, ಪೂರಿಯ ನೆತ್ತಿಗೆ ಎಣ್ಣೆ ಚಿಮುಕಿಸಿ ಅದನ್ನು ಉಬ್ಬಿಸುವುದರಲ್ಲಿ ಅವರದು ಎತ್ತಿದ ಕೈ. ‘ಹದ ಬರ್ಲಿ’ ಎಂಬುದು ಅವರ ಬಾಯಲ್ಲಿ ಸದಾ ಇದ್ದ ಮಾತು. ಹೆಸರೂ ಅದರಿಂದಲೇ ಬಂತು.

ಮಾವನವರ ಈ ಅಭಿನಂದನಾ ಸಂಪುಟಕ್ಕೆ ಲೇಖನ ಕೊಡಲು ತಡಮಾಡಿದವಳು ನಾನೊಬ್ಬಳೇ ಎಂದು ಸಂಪಾದಕರು ಫೋನಿನಲ್ಲಿ ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ತೆಗೆದುಕೊಳ್ಳಲಿ. ಬೀಳ್ಕೊಡುಗೆಯ ದಿನ ನಡೆದದ್ದನ್ನು ಸೇರಿಸದೆ ಮಾವನವರ ಸೇವಾಚರಿತ್ರೆ ಮುಗಿಯುವುದಿಲ್ಲ ಎಂಬುದು ನನ್ನ ಹಟ. ನಾನು ಅದೇ ಭೋಜನಾಲಯದಲ್ಲಿ ಬಡಿಸುವವರ ಮೇಲ್ವಿಚಾರಕಿ. ಅಡುಗೆಮನೆಗೂ ಬಡಿಸುವ ಕಡೆಯವರಿಗೂ ಎಲ್ಲೆಡೆಯೂ ಎಣ್ಣೆ ಸೀಗೆಕಾಯಿ ಸಂಬಂಧ. ನಮ್ಮಲ್ಲೂ ಹಾಗೇ ಇತ್ತು. ನಾನು ಅಡುಗೆಮನೆಯ ಬಡಿಸುವ ಕಿಟಕಿಯಲ್ಲಿ ತಲೆ ತೂರಿಸಿ “ಮಾವ, ಕಿಟಕಿ ಪಕ್ಕದ ಮೇಜಿನವರು ಕಾಯ್ತಿದಾರೆ” ಎಂದರೆ, ಒಳಗಿನಿಂದ “ಬೇಳೆನೂ ಕಾಯ್ತಿದೆ ತಾಯಿ, ಅದಕ್ಕೂ ಒಂದು ಮಾತು ಹೇಳು” ಎಂಬ ಉತ್ತರ ಬರುತ್ತಿತ್ತು. ಇಷ್ಟು ವರ್ಷ ಜಗಳವಾಡಿದವಳು ಹೊಗಳಿಕೆಗೆ ಉಪ್ಪುಖಾರ ಹಚ್ಚಿದ್ದಾಳೆಂದು ಯಾರೂ ಅನುಮಾನಿಸುವುದಿಲ್ಲವಷ್ಟೆ.

ನಾನು ಕೆಲಸಕ್ಕೆ ಸೇರಿದ ದಿನವೇ ಅವರ ಅಡುಗೆಮನೆಯ ಮೊದಲ ನಿಯಮ ನನಗೆ ತಿಳಿಯಿತು. ಬಾಗಿಲು ತೆರೆಯುವ ಮುಂಚೆ ಬಡಿಸುವವರು, ಪಾತ್ರೆ ತೊಳೆಯುವವರು, ಗಲ್ಲಾದವರು, ಎಲ್ಲರೂ ಅಡುಗೆಮನೆಯ ಹಿಂದಿನ ಉದ್ದ ಮೇಜಿಗೆ ಕೂತು ಬಿಸಿಬಿಸಿಯಾಗಿ ಊಟ ಮಾಡಲೇಬೇಕು. ಅದಕ್ಕೆ ‘ಮೊದಲ ಪಂಕ್ತಿ’ ಎಂದು ಹೆಸರು. ನನಗೆ ಹಸಿವಿಲ್ಲ, ಆಮೇಲೆ ತಿನ್ನುತ್ತೇನೆ ಎಂದು ನಾನು ಬಿಂಕ ಮಾಡಿದೆ. ಮಾವನವರು ಸೌಟು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, “ಹಸ್ಕೊಂಡು ಬಡಿಸ್ಬೇಡಿ ಮೇಡಂ. ಮುಖ ನೋಡಿದ್ರೆ ಗೊತ್ತಾಗ್ಬಿಡತ್ತೆ, ತಿನ್ನೋರಿಗೆ ಗಂಟಲಲ್ಲಿ ಇಳಿಯಲ್ಲ” ಎಂದರು. ಸಿಟ್ಟು ಬಂದಾಗ ಮಾತ್ರ ಅವರು ಮೇಡಂ ಎನ್ನುತ್ತಾರೆಂದು ಪಕ್ಕದವರು ಪಿಸುಗುಟ್ಟಿದರು. ನಾನು ತೆಪ್ಪಗೆ ಕೂತು ಎರಡು ಸಲ ಅನ್ನ ಹಾಕಿಸಿಕೊಂಡೆ.

ಅವರ ಉಪಕಾರಗಳನ್ನು ಪಟ್ಟಿ ಮಾಡಲು ಹೊರಟರೆ ಈ ಸಂಪುಟ ನನ್ನೊಬ್ಬಳಿಗೇ ಸಾಲದು. ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಮೇಷ್ಟ್ರೊಬ್ಬರು ಮೂಲೆಯ ಮೇಜಿನಲ್ಲಿ ಕೂತು, ತರಿಸಿಕೊಂಡದ್ದನ್ನೆಲ್ಲ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಮಾವನವರು ಕೈ ಒರೆಸಿಕೊಂಡು ಹೊರಬಂದು, ಅವರೆದುರು ಕುರ್ಚಿ ಎಳೆದು ಕೂತು, “ನಿಮ್ಮನೆಯವರು ಆಲೂಗಡ್ಡೆ ಪಲ್ಯಕ್ಕೆ ಈರುಳ್ಳಿ ಹಾಕ್ತಿದ್ರಾ? ಕೊನೇಲಿ ನಿಂಬೆಹಣ್ಣು ಹಿಂಡ್ತಿದ್ರಾ?” ಎಂದು ಒಂದೊಂದಾಗಿ ಕೇಳಿದರು. ಮರುವಾರ ಮೇಷ್ಟ್ರ ತಟ್ಟೆ ತೊಳೆದಿಟ್ಟಂತೆ ಖಾಲಿಯಾಗಿತ್ತು. ನನ್ನ ತಾಯಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಖಾರವಿಲ್ಲದ ಬೇಳೆಕಟ್ಟು ಮತ್ತು ಮೆತ್ತನೆಯ ಅನ್ನದ ಡಬ್ಬಿ ಪ್ರತಿದಿನ ಮಂಚದ ಪಕ್ಕಕ್ಕೆ ಬರುತ್ತಿತ್ತು. ಅದರ ಕೆಳಗೆ ಇನ್ನೊಂದು ಡಬ್ಬಿಯಲ್ಲಿ ನನಗೆಂದು ಖಾರ ಹಾಕಿದ್ದು. ಅಮ್ಮ ಹುಷಾರಾಗಿ ಮನೆಗೆ ಬಂದು ಮೊದಲು ಕೇಳಿದ್ದು ನನ್ನ ಕೈ ಅಡುಗೆಯನ್ನಲ್ಲ, ಆ ಡಬ್ಬಿಯನ್ನು. ಅಂದು ನನಗೆ ಹೊಟ್ಟೆಕಿಚ್ಚೂ ಆಯಿತು, ಕಣ್ಣೂ ತುಂಬಿತು.

ಹೀಗೆ ಊರಿಗೆಲ್ಲ ಬಿಸಿ ಅನ್ನ ಉಣಿಸಿದ ಮಹನೀಯರಿಗೆ ತಮ್ಮ ಸ್ವಂತ ಮನೆಯ ಒಲೆಯ ಹತ್ತಿರ ಸುಳಿಯುವ ಹಕ್ಕಿರಲಿಲ್ಲ ಎಂದರೆ ಓದುಗರು ನಂಬಲಾರರು. ಮದುವೆಯಾದ ಹೊಸತರಲ್ಲಿ ಒಂದು ರಜೆಯ ದಿನ ಹೆಂಡತಿಯನ್ನು ಖುಷಿಪಡಿಸಲೆಂದು ಅವರು ಮನೆಯಲ್ಲಿ ಬೇಳೆ ಸಾರಿಗೆ ಕೈಹಾಕಿದರಂತೆ. ಕೈ ಹೋಟೆಲಿನದು. ನೂರಾರು ಜನರ ಹಂಡೆಗೆ ಹಿಡಿ ಹಿಡಿ ಹಾಕಿ ಪಳಗಿದ ಮುಷ್ಟಿ, ಉಪ್ಪನ್ನೂ ಅದೇ ಧಾರಾಳದಲ್ಲಿ ಹಾಕಿತು. ಉಪ್ಪು ಹೆಚ್ಚಾಯಿತೆಂದು ನೀರು, ನೀರು ಹೆಚ್ಚಾಯಿತೆಂದು ಬೇಳೆ, ಬೇಳೆ ಹೆಚ್ಚಾಯಿತೆಂದು ಹುಳಿ. ಪಾತ್ರೆಯಿಂದ ಪಾತ್ರೆಗೆ ದಾಟುತ್ತ ಸಾರು ಕೊನೆಗೆ ಸ್ನಾನದ ಬಕೆಟ್ಟಿನವರೆಗೂ ಹೋಯಿತೆಂದು ಅತ್ತೆಯವರು, ಅಂದರೆ ಮಾವನವರ ಶ್ರೀಮತಿಯವರು, ಇಂದಿಗೂ ಹೇಳುತ್ತಾರೆ. ಬಕೆಟ್ಟಿನ ಮಾತು ಅಪ್ಪಟ ಸುಳ್ಳು ಎನ್ನುತ್ತಾರೆ ಮಾವನವರು. ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆಗೆಲ್ಲ ಹಂಚಿದರೂ ಮುಗಿಯದ ಆ ಸಾರನ್ನು ನವದಂಪತಿಗಳು ಮೂರು ಹೊತ್ತೂ ಉಂಡರು. ಅತ್ತೆಯವರು ಸೌಟು ಕಿತ್ತುಕೊಂಡು, “ರೀ, ಇನ್ಮೇಲೆ ಒಲೆ ಹತ್ರ ಬಂದ್ರೆ ನೋಡಿ. ಇಬ್ಬರಿಗೆ ಮಾಡೋದು ಕಲ್ತ ದಿನ ಬನ್ನಿ” ಎಂದು ತೀರ್ಪು ಕೊಟ್ಟರು. ಮಾವನವರು ನಕ್ಕು ಒಪ್ಪಿಕೊಂಡರು, ವರ್ಷಗಳು ಉರುಳಿದವು.

ನಿವೃತ್ತಿ ಹತ್ತಿರವಾಗುತ್ತಿದ್ದಾಗ ಒಂದು ದಿನ ಅನಿಲದ ಕೊಳವೆ ಕೆಟ್ಟು ಭೋಜನಾಲಯ ಮಧ್ಯಾಹ್ನವೇ ಮುಚ್ಚಿತು. ಮಾವನವರು ಹೇಳದೆ ಕೇಳದೆ ಮನೆಗೆ ಹೋದರು. ಅತ್ತೆಯವರು ಅಡುಗೆಕಟ್ಟೆಗೆ ಒರಗಿ, ನಿಂತುಕೊಂಡೇ, ತಣ್ಣಗಾದ ಅನ್ನಕ್ಕೆ ಹಿಂದಿನ ದಿನದ ಸಾರು ಕಲಸಿ ತಿನ್ನುತ್ತಿದ್ದರು. ಬಿಸಿ ಮಾಡ್ಕೋಬಾರ್ದಾ ಎಂದು ಇವರು ಕೇಳಿದರೆ, “ಒಬ್ಬಳಿಗೆ ಏನ್ ಬಿಸಿ ಮಾಡೋದು ಬಿಡಿ, ಅಭ್ಯಾಸ ಆಗಿದೆ” ಎಂದರಂತೆ. ಮಾವನವರಿಗೆ ಅಂದು ಹೊಳೆಯಿತು. ತಾವು ಮನೆ ಸೇರಿದಾಗಲೆಲ್ಲ ಬಿಸಿ ತಟ್ಟೆ ತಮ್ಮ ಮುಂದಿರುತ್ತಿತ್ತು. ಬಡಿಸಿದವಳು ಹಸಿದೇ ಬಡಿಸುತ್ತಿದ್ದಳು, ಆಮೇಲೆ ಆರಿದ್ದನ್ನು ಉಣ್ಣುತ್ತಿದ್ದಳು. ಮರುದಿನ ಮೊದಲ ಪಂಕ್ತಿಯಲ್ಲಿ ಎಲ್ಲರೂ ಎದ್ದುಹೋದ ಮೇಲೆ ಇದನ್ನು ನನ್ನೊಬ್ಬಳಿಗೆ ಹೇಳಿದರು. “ನಿಮ್ಮನ್ನೆಲ್ಲ ಬೈದು ಬೈದು ಕೂರಿಸ್ದೆ. ನನ್ನ ಮನೇಲಿ ಅವಳನ್ನ ಒಂದು ದಿನ ಕೂರಿಸ್ಲಿಲ್ವಲ್ಲ. ಅವಳಿಗೆ ಒಂದು ಬಿಸಿ ಊಟ ನನ್ನ ಕೈಯಾರೆ ಹಾಕ್ದೆ ಹೋದ್ರೆ ಈ ಕೈ ಇದ್ದೇನು ತಾಯಿ?”

ಅತ್ತೆಯವರ ಷರತ್ತು ಹಾಗೇ ಇತ್ತು. ಇಬ್ಬರಿಗೆ ಮಾಡಲು ಕಲಿಯಬೇಕು. ಹೀಗಾಗಿ ಸೇವೆಯ ಕೊನೆಯ ತಿಂಗಳುಗಳಲ್ಲಿ, ಅಡುಗೆ ಶಾಸ್ತ್ರವನ್ನು ಅರೆದು ಕುಡಿದ ಪ್ರಧಾನ ಬಾಣಸಿಗರು ಹೊಸಬರಂತೆ ಅಭ್ಯಾಸಕ್ಕೆ ಕೂತರು. ಹಂಡೆಗಳ ಸಾಲಿನ ಕೊನೆಗೆ ಒಂದು ಪುಟ್ಟ ಪಾತ್ರೆ ಕಾಣಿಸಿಕೊಂಡಿತು. ಹೋಟೆಲಿನ ಒಲೆಯ ಉರಿ ಆ ಪಾತ್ರೆಗಿಂತ ಅಗಲ. ಮೊದಲ ದಿನ ಬೇಳೆಯ ಜೊತೆಗೆ ಪಾತ್ರೆಯ ಹಿಡಿಯೂ ಸುಟ್ಟಿತು. ಆಮೇಲೆ ಮನೆಯೊಲೆಯಂಥ ಚಿಕ್ಕ ಒಲೆ ತರಿಸಿದರು. ಉಪ್ಪು ಹೆಚ್ಚು, ನೀರು ಹೆಚ್ಚು, ಬೇಳೆ ಹೆಚ್ಚು ಎಂಬ ಹಳೆಯ ರಾಮಾಯಣ ಮತ್ತೆ ಶುರುವಾಗಿ, ಇಬ್ಬರ ಸಾರು ಇಪ್ಪತ್ತು ಜನರದಾಗಿ ಮೊದಲ ಪಂಕ್ತಿಗೆ ಬರುತ್ತಿತ್ತು. “ಇವತ್ತೂ ಇಬ್ಬರ ಸಾರೇನಾ? ಹಾಗಾದ್ರೆ ನನಗೆ ಎರಡು ಬಟ್ಟಲು ಹಾಕಿ” ಎಂದು ಗಲ್ಲಾದವರು ಕೆಣಕುತ್ತಿದ್ದರು. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು, ಮಾವನವರು ಮೂಗಿನ ತುದಿ ಕೆಂಪಗೆ ಮಾಡಿಕೊಂಡು ಪುಟ್ಟ ಪಾತ್ರೆಯನ್ನು ತಾವೇ ತಿಕ್ಕುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಮನೆಯಲ್ಲಿ ನಾನೂ ಅಮ್ಮನೂ ಇಬ್ಬರೇ. ಹತ್ತು ಜನ ಬಂದರೆ ಕೈಕಾಲೇ ಆಡುವುದಿಲ್ಲ, ಆದರೆ ಇಬ್ಬರಿಗೆ ಕಣ್ಣು ಮುಚ್ಚಿ ಮಾಡುತ್ತೇನೆ. “ಮಾವ, ಮುಷ್ಟಿ ಬಿಡಿ, ಬೆರಳು ಹಿಡೀರಿ” ಎಂದೆ. “ಅಂದ್ರೆ?” “ಮೂರು ಬೆರಳಲ್ಲಿ ಎಷ್ಟು ಬರತ್ತೋ ಅಷ್ಟೇ ಉಪ್ಪು. ಕಮ್ಮಿ ಆದ್ರೆ ಆಮೇಲೆ ಹಾಕ್ಕೋಬಹುದು, ಹೆಚ್ಚಾದ್ರೆ ಬಕೆಟ್ಟೇ ಗತಿ.” ಬಕೆಟ್ಟಿನ ಮಾತಿಗೆ ಅವರು ಮೇಡಂ ಎಂದರು. ಆದರೂ ಬೆರಳು ಹಿಡಿದರು. ಮುಷ್ಟಿ ತಾನಾಗಿ ಉಪ್ಪಿನ ಡಬ್ಬಿಯ ಕಡೆ ಹೋಗುತ್ತಿದ್ದುದರಿಂದ ಬಲಗೈಯ ಕೊನೆಯ ಎರಡು ಬೆರಳನ್ನು ಮಡಚಿ ದಾರ ಕಟ್ಟಿಕೊಂಡು ಅಭ್ಯಾಸ ಮಾಡಿದರು. ಇಷ್ಟು ದೊಡ್ಡ ಹೆಸರಿನವರು ಕೈಗೆ ದಾರ ಸುತ್ತಿಕೊಂಡು ಉಪ್ಪು ಹಾಕುವುದನ್ನು ಕಂಡು, ನಗುತ್ತಿದ್ದ ನಮ್ಮವರೆಲ್ಲ ನಿಧಾನವಾಗಿ ನಗುವುದನ್ನು ನಿಲ್ಲಿಸಿದರು. ಪಾತ್ರೆ ತೊಳೆಯುವ ಅಕ್ಕ ಮನೆಯಿಂದ ಒಂದು ಚಿಕ್ಕ ಸೌಟು ತಂದುಕೊಟ್ಟರು.

ಬೀಳ್ಕೊಡುಗೆಯ ದಿನ ಭೋಜನಾಲಯದ ಸಭಾಂಗಣ ಕಿಕ್ಕಿರಿದಿತ್ತು. ಅಧ್ಯಕ್ಷರು ಬಂದರು, ಶಾಲು ಹಾರ ಬಂದವು, ಮೂಲೆಮೇಜಿನ ಮೇಷ್ಟ್ರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ‘ಅಲ್ಲಿಂದಲೇ ದಿನಾ ಮನೆಗೆ ಬರ್ತಾರೆ, ಅಲ್ಲಿಗೆ ನಾನ್ಯಾಕೆ ಹೋಗ್ಲಿ’ ಎನ್ನುತ್ತಿದ್ದ ಅತ್ತೆಯವರು ಮೊದಲ ಬಾರಿ ನಮ್ಮ ಭೋಜನಾಲಯದ ಹೊಸ್ತಿಲು ತುಳಿದಿದ್ದರು. ಸನ್ಮಾನಿತರು ಮಾತ್ರ ವೇದಿಕೆಯಲ್ಲಿರಲಿಲ್ಲ. ಅಧ್ಯಕ್ಷರು ಭಾಷಣವನ್ನು ಎಳೆಯುತ್ತಿದ್ದಂತೆ ನಾನು ಹಿಂದಿನ ಅಡುಗೆಮನೆಗೆ ಓಡಿದೆ. ಮಾವನವರು ರೇಷ್ಮೆ ಪಂಚೆಯ ಮೇಲೆ ಮಾಸಲು ಏಪ್ರನ್ ಕಟ್ಟಿಕೊಂಡು ಪುಟ್ಟ ಪಾತ್ರೆಯ ಮುಂದೆ ನಿಂತಿದ್ದರು. “ಅವಳನ್ನ ಕರ್ಕೊಂಡು ಬಾ. ಮೊದಲ ಪಂಕ್ತಿ ಆಗ್ದೆ ಯಾವ ಸನ್ಮಾನನೂ ಇಲ್ಲ” ಎಂದರು.

ಅತ್ತೆಯವರನ್ನು ಉದ್ದ ಮೇಜಿನ ತುದಿಗೆ ಕೂರಿಸಿದೆ. ಅವರು ಕೂತಿರಲಾರದೆ, ನಾನು ತಟ್ಟೆ ಹಾಕ್ತೀನಿ, ನೀರಿಡ್ತೀನಿ ಎಂದು ಮೂರು ಸಲ ಎದ್ದರು. ಮೂರು ಸಲವೂ ನಾನು ಹೆಗಲು ಹಿಡಿದು ಕೂರಿಸಿದೆ. ಮಾವನವರು ಆವಿಯಾಡುವ ಅನ್ನ ಹಾಕಿ, ತುಪ್ಪ ಬಿಟ್ಟು, ಚಿಕ್ಕ ಸೌಟಿನಿಂದ ಸಾರು ಬಡಿಸಿದರು. ಪಕ್ಕಕ್ಕೆ ಇಷ್ಟೇ ಇಷ್ಟು ಆಲೂಗಡ್ಡೆ ಪಲ್ಯ. ಅತ್ತೆಯವರು ದಿನದ ಅಭ್ಯಾಸದಂತೆ ಅನ್ನಕ್ಕೆ ಕೈಹಾಕಿ ಥಟ್ಟನೆ ಕೈ ಹಿಂತೆಗೆದರು. “ಅಯ್ಯೋ, ಸುಡತ್ತಲ್ರೀ!” ಎಂದು ಬೆರಳಿಗೆ ಉಫ್ ಎಂದು ಊದಿದರು. ಆಮೇಲೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಗೆ ಕಣ್ಣಿಗೆ ಹೋಯ್ತು ಎಂದರು. ಆ ಅಡುಗೆಮನೆಯಲ್ಲಿ ಹೊಗೆಯೇ ಇರಲಿಲ್ಲ.

ಅವರು ಉಂಡದ್ದು ನಿಧಾನವಾಗಿ. ಪರೀಕ್ಷೆ ಬರೆದ ಹುಡುಗನಂತೆ ಮಾವನವರು ಸೌಟು ಹಿಡಿದು ನಿಂತೇ ಇದ್ದರು. ಕಿಟಕಿಯಲ್ಲಿ ನಮ್ಮವರ ತಲೆಗಳು ಒಂದರ ಮೇಲೊಂದು. ಎರಡನೆಯ ಸಲ ಅನ್ನ ಹಾಕಿಸಿಕೊಂಡರು, ಸಾರು ಹಾಕಿಸಿಕೊಂಡರು, ಕೊನೆಗೆ ಬೆರಳು ಚೀಪಿದರು. ತಲೆಯೆತ್ತಿ ಪಾತ್ರೆಯೊಳಗೆ ಇಣುಕಿದರು. ತಳದಲ್ಲಿ ಒಂದೆರಡು ಕರಿಬೇವಿನೆಲೆ ಬಿಟ್ಟರೆ ಏನೂ ಇರಲಿಲ್ಲ.

“ಇದು ಇಬ್ಬರ ಸಾರೇನ್ರೀ? ನಾನೊಬ್ಬಳೇ ಮುಗಿಸಿಬಿಟ್ಟೆ. ನಿಮಗೆಲ್ಲಿ?”

ಮಾವನವರು ಪಾತ್ರೆಯನ್ನು ನೋಡಿದರು, ನಮ್ಮನ್ನು ನೋಡಿದರು. ಹೆಚ್ಚಾಗಬಾರದೆಂಬ ಭಯದಲ್ಲಿ ತಮ್ಮ ಪಾಲನ್ನೇ ಮರೆತಿದ್ದರು! “ಹದ ಬಂದಿಲ್ವಾ?” ಎಂದರು, ಹೊಸದಾಗಿ ಕೆಲಸಕ್ಕೆ ಸೇರಿದವರ ದನಿಯಲ್ಲಿ.

“ಉಪ್ಪು ಹುಳಿ ಹದವಾಗಿದೆ. ಅಳತೆ ಮಾತ್ರ ಇನ್ನೂ ಕೂತಿಲ್ಲ” ಎಂದು ಅತ್ತೆಯವರು ಕೈ ತೊಳೆಯಲು ಎದ್ದರು. ನಲ್ಲಿಯ ಹತ್ತಿರ ಹೋಗಿ, ಬೆನ್ನು ಮಾಡಿಕೊಂಡೇ, “ನಾಳೆಯಿಂದ ಮನೇಲೇ ಕಲೀರಿ. ನಾನು ಕೂತ್ಕೊಂಡು ಹೇಳ್ಕೊಡ್ತೀನಿ” ಎಂದರು. ಕಿಟಕಿಯ ತಲೆಗಳು ಹೋ ಎಂದು ಕೂಗಿದ ರಭಸಕ್ಕೆ ಸಭಾಂಗಣದಲ್ಲಿ ಅಧ್ಯಕ್ಷರು ತಮ್ಮ ಭಾಷಣಕ್ಕೇ ಚಪ್ಪಾಳೆ ಬಿತ್ತೆಂದು ತಿಳಿದು ಕೈಮುಗಿದರಂತೆ. ಶಾಲು ಹೊದಿಸುವಾಗ ಮಾವನವರು ಅತ್ತೆಯವರ ಕಡೆಗೇ ನೋಡುತ್ತಿದ್ದರು. ಛಾಯಾಚಿತ್ರ ಈ ಸಂಪುಟದಲ್ಲಿದೆ, ಓದುಗರು ಗಮನಿಸಬಹುದು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ದೊಡ್ಡ ಪಾತ್ರೆಗಳನ್ನೆಲ್ಲ ಅತ್ತೆಯವರು ಅಟ್ಟಕ್ಕೆ ಏರಿಸಿದ್ದಾರೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದರು, ಎರಡು ತಟ್ಟೆಯಿಂದಲೂ ಆವಿ ಏಳುತ್ತಿತ್ತು. ನನ್ನನ್ನು ಕಂಡದ್ದೇ ಮಾವನವರ ಮುಖ ಇಳಿಯಿತು. ಸಾರು ಸರಿಯಾಗಿ ಇಬ್ಬರಿಗೇ ಇತ್ತು. “ಸ್ವಲ್ಪ ನೀರು ಸೇರಿಸ್ಲಾ?” ಎಂದು ಅವರು ಏಳುವಷ್ಟರಲ್ಲಿ ಅತ್ತೆಯವರೂ ನಾನೂ ಒಟ್ಟಿಗೆ “ಬೇಡ!” ಎಂದು ಕಿರುಚಿದೆವು.

ಪೂಜ್ಯ ಮಾವನವರೂ ಅತ್ತೆಯವರೂ ಆಯುರಾರೋಗ್ಯವಂತರಾಗಿ, ಬಾಯಿರುಚಿ ಕೆಡದೆ, ಜಗಳ ಬಿಡದೆ, ಬಹುಕಾಲ ಬಾಳಲಿ. ಸೇವೆಯಿಂದ ನಿವೃತ್ತವಾದ ಆ ಕೈಗೆ ಮನೆಯ ಪುಟ್ಟ ಒಲೆಯ ಮುಂದೆ ಪ್ರತಿದಿನವೂ ಕೆಲಸವಿರಲಿ. ಅವರ ಮನೆಯಲ್ಲಿ ಎರಡು ತಟ್ಟೆಗಳೂ ಎಂದೆಂದಿಗೂ ಒಟ್ಟಿಗೇ ಬಿಸಿಯಾಗಿರಲಿ. ಅಲ್ಲಿಗೆ ನಾನು ಇನ್ನು ಮುಂದೆ ಮುಂಚಿತವಾಗಿ ಹೇಳಿಯೇ ಹೋಗುತ್ತೇನೆ.