ಕರಡಿಗೆ ಮತ್ತೆ ಕೊರಳಿಗೆ

ಮೂತ್ರದ ನಳಿಗೆ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ನನ್ನ ಗಂಡ ಆ ನಳಿಗೆಯೊಂದಿಗೇ ಕೊಟ್ಟೂರಿನ ಮನೆಗೆ ಬಂದಿದ್ದರು. ಎರಡು ವಾರ ಕಳೆದು ದಾವಣಗೆರೆಗೆ ಹೋಗಿ ಅದನ್ನು ತೆಗೆಸಿದೆವು. ಗಡ್ಡೆ ಪೂರ್ತಿಯಾಗಿ ಹೋಗಿದೆ ಎಂದು ಡಾಕ್ಟರು ನಕ್ಕರು. ಕೆಲವು ತಿಂಗಳು ಮೂತ್ರ ಸೋರಬಹುದು, ನೀರು ಚೆನ್ನಾಗಿ ಕುಡಿಯಬೇಕು, ಕೆಳಗಿನ ಸ್ನಾಯು ಬಿಗಿಹಿಡಿಯುವ ವ್ಯಾಯಾಮವನ್ನು ದಿನಕ್ಕೆ ಮೂರು ಸಲ ಮಾಡಬೇಕು ಎಂದು ನರ್ಸ್ ಬಿಡಿಸಿ ಹೇಳಿದಳು. ವಾಪಸು ಬರುವಾಗ ಹರಪನಹಳ್ಳಿ ದಾಟುವಷ್ಟರಲ್ಲಿ ಕಾರಿನ ಸೀಟು ಒದ್ದೆಯಾಗಿತ್ತು. ಅವರು ಕಿಟಕಿಯಾಚೆ ನೋಡುತ್ತಾ ಕೂತರು. ನಾನು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವರ ಕೈಗೆ ಕೊಟ್ಟೆ.

ಮರುದಿನ ಸ್ನಾನ ಮುಗಿಸಿ ಬಂದವರು ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ ದೇವರ ಜಗುಲಿಯ ಮೇಲಿಟ್ಟರು. ಅದರೊಳಗೆ ಅವರ ಇಷ್ಟಲಿಂಗವಿದೆ. ಆಪರೇಷನ್‌ಗೆ ಹೋಗುವಾಗ ಮಾತ್ರ ಅದನ್ನು ನನ್ನ ಕೈಗೆ ಕೊಟ್ಟಿದ್ದರು. ಅವರು ಹೊರಬರುವ ತನಕ ನಾನು ಮುಷ್ಟಿ ಬಿಚ್ಚಿರಲಿಲ್ಲ.

"ಯಾಕ್ರೀ, ಪೂಜಿ?" ಎಂದೆ.

"ಹಿಂಗ ಸೋರಿಕೋತ ಲಿಂಗ ಮುಟ್ಟಬೇಕೇನ? ನಿಂತ ಮ್ಯಾಲ ನೋಡೋಣು."

ಲಿಂಗಪೂಜೆಯಾಗದೆ ಬಾಯಿಗೆ ಒಂದು ತುತ್ತು ಹಾಕಿಕೊಂಡ ಮನುಷ್ಯರಲ್ಲ ಅವರು. ಪೂಜೆ ನಿಂತಿತು, ಬೆಳಗಿನ ಊಟವೂ ನಿಂತಿತು. ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ನಿಂತುಕೊಂಡೇ ಅರ್ಧ ರೊಟ್ಟಿ ತಿನ್ನುತ್ತಿದ್ದರು, ಕದ್ದು ತಿಂದಂತೆ. ನೀರನ್ನೂ ಬಿಟ್ಟರು. ಒಳಗೆ ಹೋಗದಿದ್ದರೆ ಹೊರಗೆ ಬರುವುದಾದರೂ ಹೇಗೆ ಎಂಬುದು ಅವರ ಲೆಕ್ಕ. ಬೆಳಿಗ್ಗೆ ನಾನು ತುಂಬಿಸಿಟ್ಟ ತಂಬಿಗೆಯಲ್ಲಿ ಸಂಜೆಗೂ ನೀರು ಅಷ್ಟೇ ಇರುತ್ತಿತ್ತು, ಮೇಲೊಂದು ಇರುವೆ ತೇಲುತ್ತಾ. ಹತ್ತು ದಿನಕ್ಕೆ ತುಟಿ ಒಡೆದವು. ಸೋರಿಕೆಗೆಂದು ಇಟ್ಟುಕೊಳ್ಳುತ್ತಿದ್ದ ಪ್ಯಾಡಿನ ಒದ್ದೆ ಕಡು ಹಳದಿಗೆ ತಿರುಗಿ ಘಾಟು ಹೊಡೆಯುತ್ತಿತ್ತು. ಬಚ್ಚಲಿನಲ್ಲಿ ಉರಿಗೆ ಒಮ್ಮೆ ನರಳಿದವರು, ನನಗೆ ಕೇಳಿಸೀತೆಂದು ಕೂಡಲೇ ನಲ್ಲಿ ಬಿಟ್ಟರು.

ವ್ಯಾಯಾಮವೂ ಹಾಗೆಯೇ. ಉಸಿರು ಕಟ್ಟಿ, ಕತ್ತಿನ ನರ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಕೂರುವರು.

"ಕೆಳಗ ಬಿಗಿ ಹಿಡೀರಿ ಅಂದ್ರ ಮಾರಿ ಬಿಗಿ ಹಿಡದೀರಲ್ರೀ. ಮಾತಾಡ್ಕೋತ ಮಾಡ್ರಿ, ಉಸುರು ಆಡ್ಲಿ."

"ನೀ ಯಾವಾಗ ಡಾಕ್ಟರ್ಕಿ ಕಲತಿ?"

ಆ ವ್ಯಾಯಾಮ ನನಗೆ ಹೇಗೆ ಗೊತ್ತು ಎಂದು ಅವರಿಗೆ ಎಂದೂ ಹೇಳಿರಲಿಲ್ಲ. ಇಂಥ ಮಾತಿಗೆ ನಾನು ಮೊದಲಿನಿಂದ ನಾಚಿದವಳಲ್ಲ. ಕಾನ್ವೆಂಟಿನಲ್ಲಿ ನಮಗೊಬ್ಬ ಸಿಸ್ಟರ್ ಇದ್ದರು. ದೇಹದ ಎಲ್ಲ ಭಾಗಗಳ ಹೆಸರನ್ನೂ ಬೋರ್ಡಿನ ಮೇಲೆ ಬರೆದು ನಮ್ಮಿಂದ ಗಟ್ಟಿಯಾಗಿ ಓದಿಸುತ್ತಿದ್ದರು. ಕಿಸಕ್ಕೆಂದವಳು ಎರಡು ಸಲ ಓದಬೇಕಿತ್ತು. ಅವರ ಎದೆಯ ಮೇಲೆ ಶಿಲುಬೆ, ನನ್ನ ಯೂನಿಫಾರ್ಮಿನೊಳಗೆ ಲಿಂಗ. ತೆಗೆದಿಡು ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಅಷ್ಟು ಗಟ್ಟಿಯಾಗಿ ಓದಿದ್ದ ನಾನು ಮದುವೆಯಾದ ಮೇಲೆ ಮೆತ್ತಗಾದೆ. ಮೆತ್ತಗಿರುವುದೇ ಒಳ್ಳೆಯತನ ಎಂದು ಎಲ್ಲರೂ ಹೊಗಳಿದರು, ನಾನೂ ನಂಬಿದೆ.

ಆ ವಾರ ಮಾಗಳದಿಂದ ಅವರ ಅಕ್ಕ ಬಂದರು, ಚೀಲದ ತುಂಬ ಹೊಳೆದಂಡೆಯ ಬದನೆಕಾಯಿ ತುಂಬಿಕೊಂಡು. ಪಡಸಾಲೆಯಲ್ಲಿ ಅವುಗಳ ತೊಟ್ಟು ಬಿಡಿಸುತ್ತಾ ಕೂತವರಿಗೆ ಜಗುಲಿಯ ಮೇಲಿನ ಕರಡಿಗೆ ಕಂಡಿತು.

"ಚೊಲೋ ಮಾಡಿದಿ ತಮ್ಮಾ. ಮೈ ಶುದ್ಧ ಆಗೂತನಕ ಅಲ್ಲೇ ಇರ್ಲಿ."

ಮಂಚದ ಮೇಲಿದ್ದ ಅವರು ತಲೆಯಾಡಿಸಿದರು. ಆ ಒಡೆದ ತುಟಿಗಳನ್ನು ನೋಡಿ ನನ್ನೊಳಗೆ ಏನೋ ಹರಿಯಿತು.

"ಅಕ್ಕಾರ, ಮುಟ್ಟಾದಾಗ ನೀವು ಲಿಂಗ ತಗದಿಡ್ತಿದ್ರೇನ್ರಿ?"

ಬದನೆಕಾಯಿ ಹಿಡಿದ ಕೈ ನಿಂತಿತು. "ಇಲ್ಲವಾ. ನಮ್ಮವ್ವ ಎಲ್ಲಿ ಬಿಡ್ತಿದ್ಲು?"

"ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಅಂತ ನನಗ ಹೇಳಿಕೊಟ್ಟೋರೂ ಅವರ. ರಗತ ಸೋರಿದ್ರ ಇಲ್ಲದ ಸೂತಕ ಉಚ್ಚಿ ಸೋರಿದ್ರ ಎಲ್ಲಿಂದ ಬಂತ್ರೀ? ಗಂಡಸರಿಗೆ ಬ್ಯಾರೆ ಶಾಸ್ತ್ರ ಐತೇನು?"

"ಅಯ್ಯ, ಕಾನ್ವೆಂಟಿನಾಕಿ ಈಗ ಬಾಯಿ ಬಿಟ್ಲು ನೋಡು!"

"ಮೆಲ್ಲಕ ಮಾತಾಡಲೇ, ಬಾಜೂ ಮನಿಯೋರು ಕೇಳ್ತಾರ," ಎಂದರು ಇವರು.

"ಕೇಳ್ಲಿ ಬಿಡ್ರಿ. ಎರಡನೇದು ಹಡದ ಮ್ಯಾಲ ನಾನೂ ಆರು ವರ್ಷ ಸೋರೀನಿ. ಸೀನಿದ್ರ ಬರ್ತಿತ್ತು. ಹಳೇ ಸೀರಿ ಹರದು ಇಟಗೊಂಡು ನಿಮಗ ರೊಟ್ಟಿ ಬಡದೀನಿ, ಲಿಂಗಪೂಜಿನೂ ಮಾಡೀನಿ. ಆ ತುಂಡುಗಳನ್ನ ಸೀರಿ ಕೆಳಗ ಮುಚ್ಚಿ ಒಣ ಹಾಕ್ತಿದ್ದೆ. ಕಡೀಕ ಇದ ವ್ಯಾಯಾಮ ಮಾಡಿ ನಿಂತಿತು. ನಿಮಗ ಗೊತ್ತಾಗೇತೇನು?"

ಅವರು ನನ್ನನ್ನೇ ನೋಡಿದರು, ಬೇರೆ ಯಾರನ್ನೋ ನೋಡುವಂತೆ.

ಅಕ್ಕಾರು ಬದನೆಕಾಯಿಯನ್ನು ಮೊರಕ್ಕೆ ಹಾಕಿದರು. "ಕೆಮ್ಮಿದ್ರ ನನಗೂ ಹಂಗ ಆಗ್ತೈತಿ," ಎಂದರು ಮೆಲ್ಲಗೆ. ಆಮೇಲೆ ದನಿ ಏರಿಸಿ, "ಮಾಗಳದಿಂದ ಬರೋ ಬಸ್ಸಿನ್ಯಾಗೂ ಆತು. ಆ ರಸ್ತೆಗಿಷ್ಟು ಬೆಂಕಿ ಹಾಕ!"

ಮೊದಲು ನಕ್ಕವರು ನನ್ನ ಗಂಡ. "ನಗಸಬ್ಯಾಡ್ರಿ, ನಕ್ಕರ ಬರ್ತೈತಿ," ಎಂದು ಹೊಟ್ಟೆ ಹಿಡಿದುಕೊಂಡೇ ಬಚ್ಚಲಿಗೆ ಓಡಿದರು. ಅಲ್ಲಿಂದ ಬರುವಾಗ ಸ್ನಾನ ಮಾಡಿ, ಪ್ಯಾಡು ಬದಲಿಸಿ, ಮಡಿ ಪಂಚೆ ಉಟ್ಟಿದ್ದರು. ಜಗುಲಿಯ ಮೇಲಿನ ಕರಡಿಗೆ ತೆಗೆದುಕೊಂಡು, ಮಣೆ ಹಾಕಿಕೊಂಡು ಕೂತರು.

ಎಡಗೈಯಲ್ಲಿ ಲಿಂಗ. ಬಲಗೈಯಿಂದ ಗಿಂಡಿಯ ನೀರನ್ನು ಅದರ ಮೇಲೆ ಹನಿಸಿದರು. ನೀರು ಬೀಳುವ ಸದ್ದಿಗೆ ಒಳಗಿನ ನೀರೂ ಹೊರಡುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ. ಅವರ ಭುಜ ಬಿಗಿಯಿತು. ಕಣ್ಣೆತ್ತಿ ನನ್ನನ್ನು ನೋಡಿದರು.

"ಮುಂದ ಮಾಡ್ರಿ," ಎಂದೆ.

ಅವರು ಏಳಲಿಲ್ಲ. ವಿಭೂತಿ ಹಚ್ಚಿದರು, ಪತ್ರೆ ಏರಿಸಿದರು. ಯಾವ ಸಾಲನ್ನೂ ನುಂಗದೆ ಮಂತ್ರ ಮುಗಿಸಿದರು. ಲಿಂಗವನ್ನು ಒರೆಸಿ ಒಳಗಿಟ್ಟು ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಂಡರು. ಎದ್ದಾಗ ಪಂಚೆಯ ಹಿಂದೆ ಅಂಗೈಯಗಲ ಒದ್ದೆಯಿತ್ತು. ಅದನ್ನು ಮುಚ್ಚಿಕೊಳ್ಳದೆ ಅಕ್ಕನ ಮುಂದೆಯೇ ನಿಂತರು.

"ಒದ್ದಿ ಆಗೇತಿ. ಪೂಜಿನೂ ಆಗೇತಿ. ರೊಟ್ಟಿ ಹಾಕು ನಡಿ."

ತಂಬಿಗೆ ಎತ್ತಿ ನಿಂತಲ್ಲೇ ನೀರು ಕುಡಿಯತೊಡಗಿದರು. ಗಂಟಲಮಣಿ ಏರಿ ಇಳಿಯುವುದನ್ನು ನಾನೂ ಅಕ್ಕಾರೂ ನೋಡುತ್ತಾ ನಿಂತೆವು.

ಆಪರೇಷನ್ ಆಗಿ ಈಗ ಐದನೆಯ ತಿಂಗಳು. ಉರಿ ಹೋಗಿದೆ. ಸೋರುವುದು ಪೂರ್ತಿ ನಿಂತಿಲ್ಲ, ದಿನಕ್ಕೊಂದು ಪ್ಯಾಡು ಬೇಕು. ವ್ಯಾಯಾಮವನ್ನು ಇಬ್ಬರೂ ಒಟ್ಟಿಗೆ, ಮಾತಾಡಿಕೊಂಡೇ ಮಾಡುತ್ತೇವೆ. ಮೊನ್ನೆ ಮೆಡಿಕಲ್ ಶಾಪಿಗೆ ಅವರೇ ಹೊರಟರು, ನಾನೂ ಜೊತೆಗಿದ್ದೆ. ಅಂಗಡಿಯವನು ಅಕ್ಕಪಕ್ಕ ನೋಡಿ, ಪ್ಯಾಡಿನ ಪ್ಯಾಕೆಟ್ಟನ್ನು ಪೇಪರಿನಲ್ಲಿ ಸುತ್ತತೊಡಗಿದ.

"ಯಾಕಪಾ ಸುತ್ತತಿ? ಕದ್ದ ಮಾಲೇನು?" ಎಂದರು. ಪ್ಯಾಕೆಟ್ಟನ್ನು ಹಾಗೆಯೇ ಕಂಕುಳಲ್ಲಿ ಇಟ್ಟುಕೊಂಡು ಪೇಟೆಯ ನಟ್ಟನಡುವೆ ನಡೆದರು. ಎದುರಾದವರು ಮೊದಲು ಪ್ಯಾಕೆಟ್ಟನ್ನು, ಆಮೇಲೆ ಅವರ ಮುಖವನ್ನು ನೋಡಿದರು. ಇವರೇ ಮೊದಲು ಶರಣು ಹೇಳಿದರು.